ಲಿಲಾವಿನ ಕಟ್ಟೆಯಲ್ಲಿ ತಂಡ

ನಮ್ಮ ಬೆಳಗಾವಿ ಸೀಮೆಯ ಹಳ್ಳಿಗಳಲ್ಲಿ ಸಂಜೆಯ ಹೊತ್ತು ಕಟ್ಟೆಯ ಮೇಲೆ ಕೂಡಿದವರ ಮಾತು ಮಳೆ, ಬೆಳೆ, ಕಬ್ಬಿನ ದರ ಇವುಗಳನ್ನು ಮುಗಿಸಿಕೊಂಡು ಆಟದ ಕಡೆಗೆ ಹೊರಳುವುದು ಈಗ ಸಾಮಾನ್ಯವಾಗಿದೆ. ನಿನ್ನೆಯವರೆಗೆ ಬೆಂಗಳೂರಿನ ಅಂಗಿ ತೊಟ್ಟಿದ್ದ ಆಟಗಾರನು ಇಂದು ಬೇರೊಂದು ಊರಿನ ಅಂಗಿ ತೊಟ್ಟು ನಮ್ಮವರ ಎದುರಿಗೇ ಆಡಲು ಇಳಿದರೆ ಕಟ್ಟೆಯ ತೀರ್ಪು ಒಡನೆಯೆ ಹೊರಬೀಳುತ್ತದೆ: "ಅವ ರೊಕ್ಕಕ್ಕ ಹೋದ." ಶಾಲೆಯ ಹುಡುಗರು ಇದೇ ತೀರ್ಪನ್ನು ಇನ್ನೂ ಕಟುವಾದ ಮಾತಿನಲ್ಲಿ ಹೇಳುತ್ತಾರೆ. ಉಂಡ ಮನೆಗೆ ಎರಡು ಬಗೆದವನೆಂಬ ಹೆಸರು ಆತನಿಗೆ ಅಂಟಿಕೊಳ್ಳುತ್ತದೆ. ಈ ತೀರ್ಪು ಬಹುಪಾಲು ಅನ್ಯಾಯವಾದುದೆಂದು ನನ್ನ ಅಭಿಪ್ರಾಯ. ಆಟಗಾರನ ಮನಸ್ಸನ್ನು ಅಳೆಯಹೊರಡುವ ಮೊದಲು ಆತನು ಯಾವ ಕಟ್ಟಳೆಯೊಳಗೆ ಆಡುತ್ತಿರುವನೆಂಬುದನ್ನು ನೋಡಬೇಕು. ಆ ಕಟ್ಟಳೆಗೆ ಸಂಬಳದ ಮಿತಿಯೆಂದು ಹೆಸರು.

ಮಿತಿಯ ಅರ್ಥ ಸರಳವಾಗಿದೆ. ಒಂದು ಸ್ಪರ್ಧೆಯಲ್ಲಿ ಆಡುವ ಎಲ್ಲ ತಂಡಗಳಿಗೂ ಒಂದೇ ಅಳತೆಯ ಹಣದ ಚೀಲ. ಒಡೆಯನು ಎಷ್ಟೇ ಸಿರಿವಂತನಿರಲಿ, ತನ್ನ ಆಟಗಾರರಿಗೆಲ್ಲ ಕೂಡಿ ಆ ಚೀಲಕ್ಕಿಂತ ಹೆಚ್ಚು ಕೊಡುವಂತಿಲ್ಲ. 2008ರಲ್ಲಿ ಇಂಡಿಯನ್ ಪ್ರೀಮಿಯರ್ ಲೀಗ್ ಆರಂಭವಾದಾಗ ಈ ಚೀಲದ ಅಳತೆ ಐವತ್ತು ಲಕ್ಷ ಡಾಲರುಗಳಾಗಿದ್ದಿತು. 2025ರ ಋತುವಿಗೆ ಅದು 120 ಕೋಟಿ ರೂಪಾಯಿಗಳಿಗೆ ಏರಿತು. 2014ರಲ್ಲಿ ಹುಟ್ಟಿದ ಪ್ರೊ ಕಬಡ್ಡಿ ಲೀಗಿನಲ್ಲಿ 2023ರ ವೇಳೆಗೆ ತಂಡವೊಂದಕ್ಕೆ ಐದು ಕೋಟಿ ರೂಪಾಯಿಗಳ ಮಿತಿಯಿದ್ದಿತು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಸಂಘವು ಇದೇ ಬಗೆಯ ಮೇರೆಯನ್ನು 1984ರಲ್ಲಿಯೇ ಹಾಕಿಕೊಂಡಿತು. ಆಗ ತಂಡವೊಂದರ ಪಾಲಿಗೆ ಬಂದದ್ದು 36 ಲಕ್ಷ ಡಾಲರು ಮಾತ್ರ.

ಈ ಕಟ್ಟಳೆಯ ಉದ್ದೇಶ ಒಳ್ಳೆಯದೆಂಬುದನ್ನು ಮೊದಲೇ ಹೇಳಿಬಿಡುವೆನು. ಮಿತಿಯಿಲ್ಲದ ಕಡೆ ಏನಾಗುತ್ತದೆಂಬುದಕ್ಕೆ ಯೂರೋಪಿನ ಫುಟ್‌ಬಾಲು ಸಾಕ್ಷಿಯಾಗಿದೆ. ಜರ್ಮನಿಯ ಅಗ್ರ ಲೀಗಿನಲ್ಲಿ ಬಯರ್ನ್ ಮ್ಯೂನಿಕ್ ತಂಡವು 2013ರಿಂದ 2023ರವರೆಗೆ ಸತತವಾಗಿ ಹನ್ನೊಂದು ಸಲ ಗೆದ್ದಿತು. ಗೆಲ್ಲುವವನು ಯಾರೆಂದು ಉಗಾದಿಯಲ್ಲಿಯೇ ಗೊತ್ತಿರುವ ಕುಸ್ತಿಗೆ ದೀಪಾವಳಿಯವರೆಗೆ ಯಾರು ಕಾಯುತ್ತಾರೆ? ನಮ್ಮ ಐ.ಪಿ.ಎಲ್. ಸ್ಪರ್ಧೆಯಲ್ಲಾದರೋ ಮೊದಲ ಹದಿನೆಂಟು ವರ್ಷಗಳಲ್ಲಿ ಎಂಟು ಬೇರೆ ಬೇರೆ ತಂಡಗಳು ಕಿರೀಟ ಧರಿಸಿವೆ. ಮೊದಲನೆಯ ವರ್ಷ ಗೆದ್ದ ರಾಜಸ್ಥಾನದ ತಂಡವನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಡ ತಂಡಕ್ಕೆ ಆಸೆಯನ್ನು ಉಳಿಸಿಕೊಡುವುದು ಮಿತಿಯ ದೊಡ್ಡ ಗುಣ.

ಆದರೆ ಅದೇ ಮಿತಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಒಂದು ತಂಡವು ಎಳೆಯ ಆಟಗಾರರನ್ನು ಕಡಿಮೆ ಬೆಲೆಗೆ ತಂದು, ತಿದ್ದಿ, ಪಳಗಿಸಿ, ಗೆಲ್ಲಲು ಕಲಿಸಿತೆನ್ನಿ. ಗೆದ್ದ ಮರುವರ್ಷವೇ ಅವರೆಲ್ಲರ ಬೆಲೆ ಏರುತ್ತದೆ. ಚೀಲ ಮಾತ್ರ ಹಿಗ್ಗುವುದಿಲ್ಲ. ಆಗ ಹತ್ತು ಮಂದಿಯಲ್ಲಿ ನಾಲ್ವರನ್ನು ಇಟ್ಟುಕೊಂಡು ಆರು ಮಂದಿಯನ್ನು ಬಿಡಬೇಕಾಗುತ್ತದೆ. ಹೊಲವನ್ನು ಹದಮಾಡಿದವನು ಒಬ್ಬ, ರಾಶಿ ಮಾಡುವವನು ಮತ್ತೊಬ್ಬನಾಗುತ್ತಾನೆ. ಇದರ ಮೇಲೆ ಕೆಲವು ವರ್ಷಗಳಿಗೊಮ್ಮೆ ನಡೆಯುವ ಮಹಾ ಲಿಲಾವು ಬಂದು ಕೂಡುತ್ತದೆ. ಅಂದು ಬೆರಳೆಣಿಕೆಯ ಕೆಲವರನ್ನುಳಿದು ಮಿಕ್ಕವರೆಲ್ಲರೂ ಕಟ್ಟೆಗೆ ಬರಲೇಬೇಕು. ಮಹಾಲಿಂಗಪುರದ ಬೆಲ್ಲದ ಪೇಟೆಯನ್ನು ಕಂಡವರಿಗೆ ಈ ವ್ಯವಹಾರ ಅಪರಿಚಿತವಲ್ಲ; ಬೆಲ್ಲಕ್ಕೆ ತಾನು ಯಾವ ಅಂಗಡಿಗೆ ಹೋಗಬೇಕೆಂಬ ಇಚ್ಛೆ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಒಂದು ಲೆಕ್ಕವನ್ನು ಬಿಡಿಸಿ ನೋಡೋಣ. ಯಜುವೇಂದ್ರ ಚಾಹಲ್ 2014ರಿಂದ 2021ರವರೆಗೆ ಎಂಟು ಋತುಗಳ ಕಾಲ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡದಲ್ಲಿ ಚೆಂಡೆಸೆದು ಐ.ಪಿ.ಎಲ್. ಪಂದ್ಯಗಳಲ್ಲಿ 139 ಹುದ್ದರಿಗಳನ್ನು ಗಳಿಸಿದ್ದರು. ಚಿನ್ನಸ್ವಾಮಿ ಕ್ರೀಡಾಂಗಣದ ಅಂಕಣ ಚಿಕ್ಕದು, ಬೌಂಡರಿಗೆರೆ ಹತ್ತಿರ. ಅಲ್ಲಿ ಲೆಗ್ ಸ್ಪಿನ್ ಹಾಕಿ ಬದುಕುವುದೇ ಒಂದು ಸಾಹಸ. 2022ರ ಮಹಾ ಲಿಲಾವಿನ ಮುಂಚೆ ಪ್ರತಿ ತಂಡಕ್ಕೂ 90 ಕೋಟಿ ರೂಪಾಯಿಗಳ ಚೀಲವಿದ್ದಿತು. ಮೂವರನ್ನು ಉಳಿಸಿಕೊಂಡರೆ ಅದರಿಂದ 33 ಕೋಟಿ ಕಳೆಯಬೇಕು. ನಾಲ್ವರನ್ನು ಉಳಿಸಿಕೊಂಡರೆ 42 ಕೋಟಿ. ಬೆಂಗಳೂರಿನವರು ಕೊಹ್ಲಿ, ಮ್ಯಾಕ್ಸ್‌ವೆಲ್, ಸಿರಾಜ್ ಈ ಮೂವರನ್ನು ಇಟ್ಟುಕೊಂಡರು. ಅಂದರೆ ನಾಲ್ಕನೆಯವನೊಬ್ಬನಿಗಾಗಿ ಒಂಬತ್ತು ಕೋಟಿಯನ್ನು ಚೀಲದಿಂದ ತೆಗೆದಿಡಬೇಕಾಗಿದ್ದಿತು. ಲಿಲಾವಿನಲ್ಲಿ ಚಾಹಲ್ ಆರೂವರೆ ಕೋಟಿಗೆ ರಾಜಸ್ಥಾನದ ಪಾಲಾದರು. ಆ ವರ್ಷ ಎಲ್ಲರಿಗಿಂತ ಹೆಚ್ಚು, 27 ಹುದ್ದರಿಗಳನ್ನು ಪಡೆದವರೂ ಅವರೇ. ಪೇಟೆಯಲ್ಲಿ ಆರೂವರೆ ಕೋಟಿಗೆ ಹೋದ ಸರಕನ್ನು ಮನೆಯಲ್ಲಿಯೇ ಇಟ್ಟುಕೊಳ್ಳಲು ಒಂಬತ್ತು ಕೋಟಿ ಬೇಕೆನ್ನುವ ನಿಯಮವನ್ನು ಏನೆಂದು ಕರೆಯಬೇಕು? ಎಂಟು ವರ್ಷ ದುಡಿದವನನ್ನು ಉಳಿಸಿಕೊಳ್ಳುವುದಕ್ಕೆ ದಂಡ ಹಾಕಿದಂತಾಯಿತಲ್ಲವೆ? ಹೀಗಿರುವಾಗ ನಿಷ್ಠೆಗೆಟ್ಟವನೆಂದು ಆಟಗಾರನನ್ನು ದೂರುವುದರಲ್ಲಿ ಹುರುಳಿಲ್ಲ.

2025ರ ಋತುವಿಗೆ ಮಾಡಿದ ಕಟ್ಟಳೆಯಲ್ಲಿಯೂ ಇದೇ ಸೊಟ್ಟ ಉಳಿದುಕೊಂಡಿತು. ಭಾರತದ ಪರವಾಗಿ ಆಡಿದ ಐವರನ್ನು ಉಳಿಸಿಕೊಳ್ಳುವ ತಂಡದ 120 ಕೋಟಿಯಲ್ಲಿ 75 ಕೋಟಿ ಅಲ್ಲಿಯೇ ಮುಗಿಯುತ್ತಿದ್ದಿತು. ಮಿಕ್ಕ 45 ಕೋಟಿಯಲ್ಲಿ ಕನಿಷ್ಠ ಹದಿಮೂರು ಮಂದಿಯನ್ನು ಹುಡುಕಿ ತರಬೇಕು. ಬೆಂಗಳೂರು ತಂಡವು ಮೂವರನ್ನು ಮಾತ್ರ ಉಳಿಸಿಕೊಂಡು, 83 ಕೋಟಿಯೊಡನೆ ಲಿಲಾವಿಗೆ ಕುಳಿತಿತು. ಏಳು ವರ್ಷ ಬೆಂಗಳೂರಿಗೆ ವೇಗದ ಚೆಂಡೆಸೆದ ಸಿರಾಜ್ ಆ ಲಿಲಾವಿನಲ್ಲಿ ಗುಜರಾತಿಗೆ ಹೋದರು.

ತಂಡವು ಬದಲಾದರೆ ಬದಲಾಗಲಿ, ಆಡುವವರು ಹನ್ನೊಂದು ಮಂದಿ ಇದ್ದರಾಯಿತು ಎನ್ನುವವರಿದ್ದಾರೆ. ಅಂಥವರು ನಮ್ಮ ಸೀಮೆಯ ಶ್ರೀಕೃಷ್ಣ ಪಾರಿಜಾತದ ಮೇಳಗಳನ್ನು ನೆನೆಯಬೇಕು. ಕುಲಗೋಡದ ತಮ್ಮಣ್ಣ, ಕೌಜಲಗಿಯ ನಿಂಗಮ್ಮ ಇವರ ಹೆಸರುಗಳಿಂದ ಬೆಳಗಿದ ಕಲೆಯದು. ಆ ಆಟದಲ್ಲಿ ಭಾಗವತನಿಗೂ ದೂತಿಗೂ ನಡೆಯುವ ಚಾತುರ್ಯದ ಸಂವಾದವನ್ನು ಕೇಳಿದವರು ಬಲ್ಲರು: ಒಬ್ಬರ ಮಾತಿನ ತುದಿ ಎಲ್ಲಿ ಮುಗಿಯುವುದೆಂದು ಮತ್ತೊಬ್ಬರಿಗೆ ಮುಂಚೆಯೇ ತಿಳಿದಿರಬೇಕು. ಅದು ಪುಸ್ತಕದಿಂದ ಬರುವುದಲ್ಲ. ಒಂದೇ ಚಕ್ಕಡಿಯಲ್ಲಿ ಊರೂರು ತಿರುಗಿ, ಬೆಳತನಕ ಕುಣಿದು, ಅದೇ ಜಗಳವನ್ನು ನೂರು ಸಲ ಆಡಿ ಬರುವ ಪರಿಚಯವದು. ನಿನ್ನೆ ಕೂಡಿದವರಿಂದ ಪಾತ್ರ ಹೇಳಿಸಬಹುದು, ಮೇಳ ಕಟ್ಟಲಾಗದು.

ನಾವು ಹುತುತು ಎಂದು ಕರೆಯುತ್ತಿದ್ದ ಕಬಡ್ಡಿಯಲ್ಲಿಯೂ ಇದೇ ಮಾತು ನಿಜ. ದಾಳಿಗಾರನು ಒಬ್ಬನೇ ಮಿಂಚಬಹುದು. ಹಿಡಿಯುವವರು ಮಾತ್ರ ಕೈಕೈ ಹಿಡಿದು ಸರಪಳಿಯಾಗಬೇಕು. ಮೂಲೆಯವನು ಕಾಲಿಗೆ ನುಗ್ಗುವ ಕ್ಷಣ ಯಾವುದೆಂದು ಪಕ್ಕದವನಿಗೆ ಕಣ್ಸನ್ನೆಯೂ ಇಲ್ಲದೆ ತಿಳಿಯಬೇಕು. ಒಬ್ಬನು ಅರ್ಧ ಹೆಜ್ಜೆ ಮೊದಲು ನುಗ್ಗಿದರೆ ಸರಪಳಿ ಹರಿಯುತ್ತದೆ, ದಾಳಿಗಾರನು ಗೆರೆ ಮುಟ್ಟುತ್ತಾನೆ.

ಬೆಂಗಳೂರು ಬುಲ್ಸ್ ತಂಡದ ಕಥೆ ಇಲ್ಲಿ ನೆನಪಾಗುತ್ತದೆ. 2019ರ ಜನವರಿಯಲ್ಲಿ ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಅದು ಗುಜರಾತಿನ ತಂಡವನ್ನು 38-33 ಅಂಕಗಳಿಂದ ಮಣಿಸಿತು. ಪವನ್ ಸೆಹ್ರಾವತ್ ಒಬ್ಬರೇ ಆ ದಿನ 22 ಅಂಕ ತಂದರು. ಬೆಂಗಳೂರಿನವರು ಅವರನ್ನು ತಮ್ಮವರೆಂದು ಎದೆಗಪ್ಪಿದರು. 2022ರ ಲಿಲಾವಿನಲ್ಲಿ ತಮಿಳ್ ತಲೈವಾಸ್ ತಂಡವು ಅವರಿಗೆ ಎರಡು ಕೋಟಿ 26 ಲಕ್ಷ ಕೊಟ್ಟಿತು; ತನ್ನ ಚೀಲದ ಅರ್ಧದಷ್ಟನ್ನು ಒಬ್ಬನ ಮೇಲೆ ಸುರಿದಂತಾಯಿತು. ಮೊದಲ ಪಂದ್ಯದಲ್ಲಿಯೇ ಪವನ್ ಗಾಯಗೊಂಡರು, ಇಡೀ ಋತು ಆಡಲಿಲ್ಲ. ಆದರೂ ಉಳಿದ ಎಳೆಯರು ಒಗ್ಗಟ್ಟಿನಿಂದ ಆಡಿ ತಂಡವನ್ನು ಮೊತ್ತಮೊದಲ ಬಾರಿಗೆ ಉಪಾಂತ್ಯಕ್ಕೆ ಒಯ್ದರು. ಮರುವರ್ಷ ತೆಲುಗು ಟೈಟಾನ್ಸ್ ತಂಡವು ಅದೇ ಪವನ್ ಅವರಿಗೆ ಎರಡು ಕೋಟಿ 60 ಲಕ್ಷಕ್ಕೂ ಮಿಕ್ಕಿ ತೆತ್ತಿತು. ಐದು ಕೋಟಿಯಲ್ಲಿ ಅದನ್ನು ಕಳೆದರೆ ಉಳಿದವರೆಲ್ಲರಿಗೂ ಕೂಡಿ ಎರಡು ಕೋಟಿ 40 ಲಕ್ಷವೂ ಉಳಿಯಲಿಲ್ಲ. ಪವನ್ ಚೆನ್ನಾಗಿಯೇ ಆಡಿದರು. ತಂಡ ಮಾತ್ರ ಪಟ್ಟಿಯ ಕಟ್ಟಕಡೆಗೆ ನಿಂತಿತು. ಚೀಲ ಚಿಕ್ಕದಾದಷ್ಟೂ ತೂಕದ ಒಬ್ಬನು ಕುಳಿತಾಗ ಚಕ್ಕಡಿ ಒಂದು ಕಡೆಗೆ ವಾಲುತ್ತದೆ. ಹೆಸರಾದವನಿಗೆ ಎರಡು ಪಟ್ಟು, ಹೊಸಬನಿಗೆ ಕನಿಷ್ಠ ಬೆಲೆ, ನಡುವಿನವನಿಗೆ ಬಾಗಿಲು. ಹತ್ತು ವರ್ಷ ಅನುಭವವುಳ್ಳ, ದೊಡ್ಡ ಹೆಸರಿಲ್ಲದ, ನಂಬಿಗಸ್ತ ಹಿಡಿತಗಾರನೇ ಈ ಲೆಕ್ಕದಲ್ಲಿ ಮೊದಲು ಹೊರಗೆ ಬೀಳುವವನು. ವಾಸ್ತವವಾಗಿ ಮೇಳವನ್ನು ಹಿಡಿದಿಟ್ಟವನೂ ಅವನೇ.

ಹಿಂದಿನವರ ನಿಷ್ಠೆಯೇ ಬೇರೆ ಎಂದು ಹಿರಿಯರು ಆಗಾಗ ನಿಟ್ಟುಸಿರಿಡುತ್ತಾರೆ. 1974ರಲ್ಲಿ ಕರ್ನಾಟಕವು ಮುಂಬಯಿಯ ಹದಿನೈದು ವರ್ಷಗಳ ಸತತ ಆಳ್ವಿಕೆಯನ್ನು ಮುರಿದು ರಣಜಿ ಬಟ್ಟಲನ್ನು ಮೊದಲ ಸಲ ಗೆದ್ದಾಗ ಆ ತಂಡದಲ್ಲಿ ಪ್ರಸನ್ನ, ಚಂದ್ರಶೇಖರ, ವಿಶ್ವನಾಥ ಇದ್ದರು. ಅವರು ರಾಜ್ಯ ಬಿಟ್ಟು ಹೋಗಲಿಲ್ಲ, ನಿಜ. ಆದರೆ ಅಂದು ಆಟದಿಂದ ಬರುತ್ತಿದ್ದುದು ಅತ್ಯಲ್ಪ. ಅನ್ನವನ್ನು ಕೊಡುತ್ತಿದ್ದುದು ಬ್ಯಾಂಕು, ಕಾರ್ಖಾನೆಗಳ ನೌಕರಿ. ನೌಕರಿ ಬೆಂಗಳೂರಿನಲ್ಲಿದ್ದರೆ ಆಟಗಾರನೂ ಬೆಂಗಳೂರಿನಲ್ಲಿಯೇ. ಅವರ ನಾಡಪ್ರೀತಿಯನ್ನು ನಾನು ಕಡಿಮೆ ಮಾಡುತ್ತಿಲ್ಲ; ಅದರ ಕೆಳಗೆ ಒಂದು ಭದ್ರವಾದ ನೆಲವಿದ್ದಿತೆಂದಷ್ಟೇ ಹೇಳುತ್ತಿದ್ದೇನೆ.

ಅದಕ್ಕಿಂತಲೂ ಹಿಂದಿನ ಒಂದು ಉದಾಹರಣೆ ಇಂಗ್ಲೆಂಡಿನದು. ಅಲ್ಲಿಯ ಫುಟ್‌ಬಾಲ್ ಆಟಗಾರರಿಗೆ 1901ರಿಂದ ವಾರಕ್ಕೆ ನಾಲ್ಕು ಪೌಂಡು ಮಾತ್ರವೆಂದು ಗರಿಷ್ಠ ಕೂಲಿಯನ್ನು ಗೊತ್ತುಮಾಡಿದ್ದರು. ಅರುವತ್ತು ವರ್ಷಗಳಲ್ಲಿ ಅದು ಏರಿದ್ದು ಇಪ್ಪತ್ತು ಪೌಂಡಿಗೆ. ಇದು ತಂಡದ ಚೀಲಕ್ಕೆ ಹಾಕಿದ ಮಿತಿಯಲ್ಲ, ಒಬ್ಬೊಬ್ಬನ ಹೊಟ್ಟೆಗೆ ಹಾಕಿದ ಮಿತಿ. ಜೊತೆಗೆ, ಒಪ್ಪಂದ ಮುಗಿದರೂ ತಂಡವು ಬಿಡುವವರೆಗೆ ಆಟಗಾರನು ಬೇರೆಡೆಗೆ ಹೋಗುವಂತಿರಲಿಲ್ಲ. ಟಾಮ್ ಫಿನ್ನಿ ಎಂಬ ಅದ್ಭುತ ಆಟಗಾರನು 1946ರಿಂದ 1960ರವರೆಗೆ ಪ್ರೆಸ್ಟನ್ ಎಂಬ ತನ್ನ ಊರಿನ ತಂಡವೊಂದಕ್ಕೇ ಲೀಗ್ ಪಂದ್ಯಗಳನ್ನು ಆಡಿದನು. ಬಿಡುವಿನಲ್ಲಿ ನಳ ಜೋಡಿಸುವ ಕೆಲಸ ಮಾಡಿ ಸಂಸಾರ ನಡೆಸಿದನು. 1952ರಲ್ಲಿ ಇಟಲಿಯ ಪಲೆರ್ಮೋ ತಂಡದಿಂದ ದೊಡ್ಡ ಮೊತ್ತದ ಕರೆ ಬಂದಿತು. ಪ್ರೆಸ್ಟನ್ ಬಿಡಲಿಲ್ಲ. ಆತನನ್ನು ನಿಷ್ಠೆಯ ಮೂರ್ತಿಯೆಂದು ಹೊಗಳುವವರು ಬೀಗ ಯಾರ ಕೈಯಲ್ಲಿ ಇದ್ದಿತೆಂಬುದನ್ನು ಮರೆಯುತ್ತಾರೆ. ನಮ್ಮಲ್ಲಿಯೂ ಉಗಾದಿಯಿಂದ ಉಗಾದಿಗೆ ಒಬ್ಬರ ಮನೆಯಲ್ಲಿ ದುಡಿಯುವ ಸಂಬಳದಾಳುಗಳಿದ್ದರು. ಮುಂಗಡದ ಸಾಲ ತೀರದೆ ಅದೇ ಮನೆಯಲ್ಲಿ ಇಪ್ಪತ್ತು ವರ್ಷ ಸವೆದವನನ್ನು ಗೌಡರು "ಬಹಳ ನಂಬಿಗಸ್ತ" ಎನ್ನುತ್ತಿದ್ದರು. ಹೋಗಲು ದಾರಿಯಿದ್ದೂ ಉಳಿದವನಿಗೆ ಮಾತ್ರ ನಿಷ್ಠೆಯೆಂಬ ಮಾತು ಸಲ್ಲತಕ್ಕದ್ದು.

ಆ ದೃಷ್ಟಿಯಿಂದ ಮೂವರನ್ನು ಪಕ್ಕಪಕ್ಕದಲ್ಲಿ ಇರಿಸಿ ನೋಡಬಹುದು. ರಾಹುಲ್ ದ್ರಾವಿಡ್ 2008ರಲ್ಲಿ ಬೆಂಗಳೂರು ತಂಡದ ಮೊದಲ ನಾಯಕರು. ಕರ್ನಾಟಕದ ಕ್ರಿಕೆಟ್ಟಿಗೆ ಅವರಿಗಿಂತ ದೊಡ್ಡ ಮುಖ ಬೇರಾವುದಿದ್ದಿತು? 2011ರ ಲಿಲಾವಿಗೆ ಮೊದಲು ತಂಡವು ಕೊಹ್ಲಿಯವರನ್ನು ಮಾತ್ರ ಉಳಿಸಿಕೊಂಡಿತು. ದ್ರಾವಿಡರು ಐದು ಲಕ್ಷ ಡಾಲರಿಗೆ ರಾಜಸ್ಥಾನ ಸೇರಿದರು. ಅವರನ್ನು ದ್ರೋಹಿಯೆನ್ನಲು ಯಾವ ನಾಲಗೆಯೂ ಏಳಲಿಲ್ಲ. ಮಂಗಳೂರಿನ ಬಳಿ ಬೆಳೆದ ಕೆ. ಎಲ್. ರಾಹುಲರು ಬೆಂಗಳೂರು, ಹೈದರಾಬಾದು, ಮತ್ತೆ ಬೆಂಗಳೂರು, ಪಂಜಾಬು, ಲಖನೌ, ದಿಲ್ಲಿ ಎಂದು ಐದು ತಂಡಗಳನ್ನು ಸುತ್ತಿದರು. ಅವರನ್ನು ಅನ್ನುವ ನಾಲಗೆಗಳು ಬೇಕಾದಷ್ಟಿವೆ. ಪಂಜಾಬಿನಲ್ಲಿ ಅವರಿಗೆ ದೊರೆತದ್ದು 11 ಕೋಟಿ, ಲಖನೌದಲ್ಲಿ 17 ಕೋಟಿ. ದಿಲ್ಲಿಗೆ ಬಂದಾಗ 14 ಕೋಟಿಗೆ ಇಳಿಯಿತು. ಹಣವೊಂದೇ ಎಳೆದೊಯ್ದಿತೆಂದು ಈ ಅಂಕಿಗಳಿಂದ ಹೇಳಲಾಗುವುದಿಲ್ಲ. ಮೂರನೆಯವರು ದಿಲ್ಲಿಯಲ್ಲಿ ಹುಟ್ಟಿದ ವಿರಾಟ್ ಕೊಹ್ಲಿ. 2008ರಿಂದ 2025ರವರೆಗಿನ ಹದಿನೆಂಟು ಋತುಗಳನ್ನೂ ಒಂದೇ ತಂಡದಲ್ಲಿ ಆಡಿದವರು ಅವರೊಬ್ಬರೇ. ಅವರ ನಿಷ್ಠೆ ದೊಡ್ಡದು. ಆದರೆ ಪ್ರತಿ ಲಿಲಾವಿಗೆ ಮುನ್ನ ತಂಡವು ಚೀಲದ ಮೊದಲ ಪಾಲನ್ನು ಅವರಿಗೆ ತೆಗೆದಿಟ್ಟಿತೆಂಬುದೂ ಅಷ್ಟೇ ನಿಜ. ಅಂಥ ಆಹ್ವಾನ ಚಾಹಲರಿಗೆ ಬರಲಿಲ್ಲ. ಹಾಗೆ ನೋಡಿದರೆ ಒಂದು ತಂಡದಲ್ಲಿ ಬಾಳುವುದು ಅತಿ ದೊಡ್ಡವರಿಗೆ ಮಾತ್ರ ನಿಲುಕುವ ಐಶ್ವರ್ಯವಾಗಿದೆ.

ಪ್ರೇಕ್ಷಕನ ಪಾಡನ್ನೂ ಒಂದಿಷ್ಟು ಯೋಚಿಸಬೇಕು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಬೆಂಗಳೂರು ತಂಡವು ಪಂಜಾಬನ್ನು ಆರು ರನ್ನುಗಳಿಂದ ಸೋಲಿಸಿ ಕಡೆಗೂ ಬಟ್ಟಲನ್ನು ಎತ್ತಿತು. ಹದಿನೆಂಟು ವರ್ಷಗಳಲ್ಲಿ ಆಟಗಾರರು ಎಷ್ಟೋ ಮಂದಿ ಬಂದು ಹೋದರು. ನೋಡುವವರು ಮಾತ್ರ ಹೋಗಲಿಲ್ಲ. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಹನ್ನೊಂದು ಜನ ಪ್ರಾಣ ಕಳೆದುಕೊಂಡರು. ಆ ದುರಂತದ ಕಾರಣಗಳು ಬೇರೆ. ಸಂಬಳದ ಮಿತಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಜನರು ತಂಡವೆಂಬ ಹೆಸರಿಗೆ ಏನೆಲ್ಲವನ್ನು ಒಪ್ಪಿಸಿಬಿಡುತ್ತಾರೆಂಬುದು ಅಂದು ಕಣ್ಣಿಗೆ ಕಂಡಿತು. ಅಷ್ಟನ್ನು ಕೊಡುವವರಿಗೆ, ಮೂರು ವರ್ಷಕ್ಕೊಮ್ಮೆ ಚದುರಿಹೋಗದ ಒಂದು ತಂಡವನ್ನು ಕೊಡಲು ಒಡೆಯರು ಋಣಿಗಳಲ್ಲವೆ? ಚೆನ್ನೈ, ಮುಂಬಯಿ ತಂಡಗಳು ಐದೈದು ಸಲ ಗೆದ್ದುದಕ್ಕೆ ನಾಲ್ಕಾರು ಮಂದಿ ಹಳಬರನ್ನು ಬಿಡದೆ ಹಿಡಿದದ್ದೂ ಒಂದು ಕಾರಣವೆಂದು ಕಾಣುತ್ತದೆ.

ಹಾಗಾದರೆ ಮಿತಿಯನ್ನು ಕಿತ್ತೆಸೆಯಬೇಕೆ? ಕೂಡದು. ಕಿತ್ತರೆ ಸಿರಿವಂತನೊಬ್ಬನ ಅಂಗಳದಲ್ಲಿ ಎಲ್ಲ ಎತ್ತುಗಳೂ ಕಟ್ಟಿಸಿಕೊಳ್ಳುವುವು. ಅತಿ ಬಿಗಿಯಾದ ಮಿತಿಯೂ ಕಳ್ಳದಾರಿಯನ್ನು ಕಲಿಸುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್ ಸ್ಟಾರ್ಮ್ ಎಂಬ ರಗ್ಬಿ ತಂಡವು ಆಟಗಾರರಿಗೆ ಗುಟ್ಟಾಗಿ ಹೆಚ್ಚಿನ ಹಣ ಕೊಟ್ಟು ಎರಡು ಬಗೆಯ ಲೆಕ್ಕಪುಸ್ತಕ ಇಟ್ಟದ್ದು 2010ರಲ್ಲಿ ಬಯಲಾಗಿ, 2007 ಮತ್ತು 2009ರಲ್ಲಿ ಗೆದ್ದ ಪ್ರಶಸ್ತಿಗಳನ್ನೇ ಕಳೆದುಕೊಂಡಿತು. ಬೇಕಾಗಿರುವುದು ಮಿತಿಯಲ್ಲಿ ಹಳಬನಿಗೆ ಒಂದು ಕಿಂಡಿ. ಅಮೆರಿಕದವರು ಇದನ್ನು ಮೊದಲೇ ಮನಗಂಡರು. ತನ್ನಲ್ಲಿ ಕೆಲವು ವರ್ಷ ಆಡಿದವನನ್ನು ಉಳಿಸಿಕೊಳ್ಳುವುದಕ್ಕಾಗಿ ಬ್ಯಾಸ್ಕೆಟ್‌ಬಾಲ್ ತಂಡವು ಮಿತಿಯನ್ನು ದಾಟಬಹುದೆಂದು ಅವರು ನಿಯಮ ಮಾಡಿದರು. ಬಾಸ್ಟನ್ ತಂಡದಲ್ಲಿಯೇ 1979ರಿಂದ 1992ರವರೆಗೆ ಆಡಿ ನಿವೃತ್ತನಾದ ಲ್ಯಾರಿ ಬರ್ಡ್‌ನ ಹೆಸರು ಆ ನಿಯಮಕ್ಕೆ ಅಂಟಿಕೊಂಡಿದೆ. ಆಸ್ಟ್ರೇಲಿಯಾದ ಫುಟ್‌ಬಾಲ್ ಲೀಗಿನವರು ಹತ್ತು ವರ್ಷ ಒಂದೇ ತಂಡದಲ್ಲಿ ಸೇವೆ ಮಾಡಿದ ಹಿರಿಯರ ಸಂಬಳದ ಒಂದು ಪಾಲನ್ನು ಮಿತಿಯ ಲೆಕ್ಕದಿಂದ ಬಿಟ್ಟುಬಿಡುವ ಪದ್ಧತಿಯನ್ನು ಬಹುಕಾಲ ನಡೆಸಿದರು.

ನಮ್ಮಲ್ಲಿ ಇರುವ ಏರ್ಪಾಡು ಇದಕ್ಕೆ ತದ್ವಿರುದ್ಧವಾದುದು. ಲಿಲಾವಿನಲ್ಲಿ ಬೇರೆಯವರು ಕೂಗಿದ ಬೆಲೆಯನ್ನು ತಾನೇ ಕೊಟ್ಟು ಹಳಬನನ್ನು ಮರಳಿ ಪಡೆಯುವ ಹಕ್ಕೊಂದನ್ನು ಐ.ಪಿ.ಎಲ್. ಕೆಲವು ಲಿಲಾವುಗಳಲ್ಲಿ ಕೊಟ್ಟಿತು. 2025ರ ಋತುವಿನ ಲಿಲಾವಿನಲ್ಲಿ, ಎದುರಾಳಿಯು ಇನ್ನೊಮ್ಮೆ ಬೆಲೆ ಏರಿಸಬಹುದೆಂದು ತಿದ್ದಿ, ಆ ಹಕ್ಕಿನ ಹಲ್ಲನ್ನೂ ಕಿತ್ತರು. ಐದು ಋತು ಒಂದೇ ತಂಡದಲ್ಲಿ ಆಡಿದವನನ್ನು ಉಳಿಸಿಕೊಂಡರೆ ಆತನ ಸಂಬಳದ ಅರ್ಧವನ್ನು ಮಾತ್ರ ಚೀಲದಿಂದ ಕಳೆಯಬೇಕೆಂದು ಕಟ್ಟಳೆ ಮಾಡಿದರೆ ಏನು ತೊಂದರೆ? 2022ರಲ್ಲಿ ಆ ನಿಯಮವಿದ್ದಿದ್ದರೆ, ಆರೂವರೆ ಕೋಟಿ ಪಡೆಯುವ ಚಾಹಲರಿಗಾಗಿ ಬೆಂಗಳೂರಿನ ಚೀಲದಿಂದ ಮೂರು ಕೋಟಿ 25 ಲಕ್ಷ ಹೋಗುತ್ತಿದ್ದಿತು, ಒಂಬತ್ತು ಕೋಟಿ ಹೋಗುತ್ತಿರಲಿಲ್ಲ. ಆಟಗಾರನ ಸಂಬಳದಲ್ಲಿ ಒಂದು ಕಾಸೂ ಕಡಿಮೆಯಾಗುತ್ತಿರಲಿಲ್ಲ. ಇಂಥ ನಿಯಮ ದೊಡ್ಡವರಿಗಿಂತ ನಡುವಿನವರಿಗೇ ಹೆಚ್ಚು ಉಪಯುಕ್ತ. ಕಬಡ್ಡಿಯ ಐದು ಕೋಟಿಯ ಚೀಲದಲ್ಲಿ ಇಪ್ಪತ್ತು ಲಕ್ಷದ ಹಿಡಿತಗಾರನು ಹತ್ತು ಲಕ್ಷದ ಜಾಗವನ್ನಷ್ಟೇ ಹಿಡಿಯುವನು, ಆತನನ್ನು ಹೊರಗೆ ನೂಕುವ ಅವಸರ ಯಾರಿಗೂ ಬರುವುದಿಲ್ಲ.

ಇದರೊಡನೆ ಆಟಗಾರನ ಒಪ್ಪಿಗೆಯನ್ನೂ ಸೇರಿಸಬೇಕು. ಇಂಗ್ಲೆಂಡಿನಲ್ಲಿ ಗರಿಷ್ಠ ಕೂಲಿ 1961ರಲ್ಲಿ ರದ್ದಾಯಿತು. ಆಟಗಾರನನ್ನು ಕಟ್ಟಿಹಾಕುವ ಪದ್ಧತಿ ನ್ಯಾಯಸಮ್ಮತವಲ್ಲವೆಂದು 1963ರಲ್ಲಿ ಜಾರ್ಜ್ ಈಸ್ಟ್‌ಹ್ಯಾಮ್ ಎಂಬ ಆಟಗಾರನ ಮೊಕದ್ದಮೆಯಲ್ಲಿ ಅಲ್ಲಿಯ ಹೈಕೋರ್ಟು ತೀರ್ಪಿತ್ತಿತು. ನಮ್ಮ ಲಿಲಾವಿನಲ್ಲಿ ಹೆಸರು ಕೊಟ್ಟವನು ಯಾರು ಹೆಚ್ಚು ಕೂಗಿದರೋ ಅವರಲ್ಲಿಗೆ ಹೋಗಬೇಕು. ಹೆಸರು ಕೊಡುವ ಹಾಳೆಯಲ್ಲಿಯೇ, ತನ್ನ ಹಳೆಯ ತಂಡದಲ್ಲಿ ಇಂತಿಷ್ಟು ಕಡಿಮೆ ಹಣಕ್ಕೂ ನಿಲ್ಲಲು ಸಿದ್ಧನೆಂದು ಆತನು ಬರೆಯಲು ಎಡೆಯಿರಲಿ. ಆ ಮೊತ್ತವನ್ನು ತೆರಲು ಹಳೆಯ ತಂಡ ಒಪ್ಪಿದರೆ ಆತನ ಹೆಸರನ್ನು ಕಟ್ಟೆಯಲ್ಲಿ ಕೂಗದಿರಲಿ. ಹಾಗೆ ಬರೆಯದೆ ಪೇಟೆಯ ಬೆಲೆಯನ್ನೇ ಬಯಸುವವನಿಗೆ ಈಗಿನಂತೆಯೇ ಲಿಲಾವಿನ ದಾರಿ ತೆರೆದಿರುತ್ತದೆ.